ಹಿಂದಕ್ಕೆ ವಾಲುವ ಚಾಳಿ

ಗುಲ್ಮಾರ್ಗ್

ಪ್ರೀತಿಯ ಉಮ್ಮಾ, ಸಲಾಂ.

ಸ್ಕೀಯಿಂಗ್ ಕಲಿಸುವವಳಾಗಲು ಶುಕ್ರವಾರ ಪರೀಕ್ಷೆ ಇದೆ. ಹಿಮ ಎಲ್ಲರದ್ದು ಎಂದು ಇಲ್ಲಿನ ತರಬೇತಿ ಶಾಲೆಯ ಕರಪತ್ರದಲ್ಲಿ ಓದಿ ಬಂದವಳು ನಾನು. ಪಾಸಾದರೆ ನಮ್ಮೂರು ಕಾಣಿಯೂರಿನ ಹುಡುಗಿಯರನ್ನೂ ಇಲ್ಲಿಗೆ ಕರೆತರುತ್ತೇನೆ.

ನನ್ನ ಸ್ಕೀಗಳು ಗಿಡ್ಡ, ಸಪೂರ. ಗಟ್ಟಿ ಹಿಮದಲ್ಲಿ ಅಂಚು ಒತ್ತಿದರೆ ಸಲೀಸಾಗಿ ತಿರುಗುತ್ತವೆ. ಮೆತ್ತನೆಯ ಹೊಸ ಹಿಮದಲ್ಲಿ ಹೂತುಹೋಗುತ್ತವೆ. ನಾನು ಹೆದರಿ ಹಿಂದಕ್ಕೆ ವಾಲಿ ಬೀಳುತ್ತೇನೆ. "ಒರಗಲಿಕ್ಕೆ ಹಿಂದೆ ಯಾರಿದ್ದಾರೆ?" ಎಂದು ಮಾಸ್ಟ್ರು ನಗುತ್ತಾರೆ.

ಸಣ್ಣವಳಿದ್ದಾಗ ಊರಿನ ಗುಡ್ಡೆಯಲ್ಲಿ ಅಡಿಕೆ ಹಾಳೆಯ ಮೇಲೆ ಜಾರುವಾಗ ಹಿಂದೆ ನೀನು ಕೂತಿರುತ್ತಿದ್ದೆ. "ಹೆದರುದು ಎಂತಕ್ಕೆ ಮಾರಾಯ್ತಿ, ನನಗೆ ಒರಗು" ಎನ್ನುತ್ತಿದ್ದೆ.

ತಂಗಿ ಶಮೀನಾ ಒಬ್ಬಳೇ ಜಾರಲಿ, ಅವಳ ಹಿಂದೆ ಕೂರಬೇಡ. ಶುಕ್ರವಾರ ಬೆಳಿಗ್ಗೆ ನನಗೆ ಫೋನ್ ಕೂಡ ಮಾಡಬೇಡ. ನಿನ್ನ ಸ್ವರ ಕೇಳಿದರೆ ಮತ್ತೆ ಹಿಂದಕ್ಕೆ ವಾಲಿಬಿಡುತ್ತೇನೆ.

ನಿನ್ನ
ಮುಫೀದಾ