ಯಾರೂ ಇಲ್ಲದ ಒಂಬತ್ತು ಫೋಟೊ

ಶನಿವಾರ, ಹದಿನಾಲ್ಕನೇ ತಾರೀಖು.

ನಾಳೆ ಮಗಳನ್ನು ಮ್ಯೂಸಿಯಂಗೆ ಕರೆದೊಯ್ಯಬೇಕು. "ಆಟಿಸಂ ಇರೋ ಮಕ್ಕಳಿಗೆ ಹೊಸ ಜಾಗಾನ ಮೊದಲೇ ಫೋಟೊದಲ್ಲಿ ತೋರಿಸಿಬಿಡಿ" ಎಂದಿದ್ದರು ಅವಳ ಟೀಚರ್. ಅದಕ್ಕೇ ಮಂಗಳವಾರ ಒಬ್ಬಳೇ ಹೋಗಿ, ಬಾಗಿಲಿನಿಂದ ಹಿಡಿದು ತಿಮಿಂಗಿಲದ ಎಲುಬಿನವರೆಗೆ ಒಂಬತ್ತು ಫೋಟೊ ತೆಗೆದು ತಂದೆ. ಚಿತ್ರ ಸ್ಪಷ್ಟವಾಗಿರಲೆಂದು ಜನ ಸರಿಯುವವರೆಗೂ ಕಾದು ಕಾದು ತೆಗೆದೆ. ಮಹಾ ಜಾಣೆ ನಾನು.

ಇವತ್ತು ಅವಳು ಒಂಬತ್ತನ್ನೂ ನೆಲದ ಮೇಲೆ ಸಾಲಾಗಿ ಜೋಡಿಸಿ, ಒಂದೊಂದರ ಮೇಲೂ ಬೆರಳಿಟ್ಟು ಖುಷಿಯಿಂದ ಹೇಳಿದಳು: "ಇಲ್ಲಿ ಯಾರೂ ಇಲ್ಲ. ಇಲ್ಲೂ ಯಾರೂ ಇಲ್ಲ."

ನಾಳೆ ಭಾನುವಾರ, ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೋದ ವರ್ಷ ಬಸ್ ನಿಲ್ದಾಣದ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ರಸ್ತೆಗೇ ಓಡಿದ್ದಳು.

"ಪುಟ್ಟಿ, ನಾಳೆ ಅಲ್ಲಿ ಜನ ಇರ್ತಾರೆ ಕಣೆ."

"ಇಲ್ಲ. ಅಮ್ಮನ ಫೋಟೊದಲ್ಲಿ ಇಲ್ಲ."

"ಹೋಗೋದೇ ಬೇಡ ಬಿಡು" ಎಂದರು ಇವರು. ಹೇಗೆ ಬಿಡುವುದು? ಕ್ಯಾಲೆಂಡರಿನ ಭಾನುವಾರದ ಮೇಲೆ ಮ್ಯೂಸಿಯಂ ಚಿತ್ರ ಅಂಟಿಸಿಯಾಗಿದೆ. ಅದನ್ನು ಕಿತ್ತರೆ ಅವಳು ಮೂರು ದಿನ ಉಣ್ಣುವುದಿಲ್ಲ.

ಈಗ ಅವಳು ಮಲಗಿದ್ದಾಳೆ. ನಾನು ಪೆನ್ನು ಹಿಡಿದು ಫೋಟೊಗಳ ಮೇಲೆ ಜನರನ್ನು ಬಿಡಿಸುತ್ತಿದ್ದೇನೆ. ಬಾಗಿಲಿನ ಫೋಟೊ ಮುಗಿಸಿ ನೋಡಿದರೆ, ಅವಳು ನಿಲ್ಲುವುದಕ್ಕೆ ಜಾಗವನ್ನೇ ಬಿಟ್ಟಿಲ್ಲ.