ಸೋತ ಬೋದಿಲ್ ಕೊಟ್ಟ ಕಡತ

ನವೆಂಬರ್ 22, ಶನಿವಾರ

ಬೋದಿಲ್ ಮೇಲೆ ಸಿಟ್ಟಾಗಬೇಕೋ ಬೇಡವೋ, ಇನ್ನೂ ತಿಳಿಯುತ್ತಿಲ್ಲ.

ಪುರಸಭೆ ಚುನಾವಣೆಯಲ್ಲಿ ಹನ್ನೊಂದು ಮತಗಳಿಂದ ಸೋತಳು. ಇವತ್ತು ದೀಪದ ಕಂಬಗಳ ಪ್ರಚಾರ ಫಲಕಗಳಲ್ಲಿದ್ದ ತನ್ನ ಮುಖವನ್ನು ತಾನೇ ಬಿಚ್ಚಿ ಇಳಿಸುತ್ತಿದ್ದಳು. ಏಣಿ ಹಿಡಿದವನು ನಾನು. ಗೆದ್ದ ಪ್ರೆಬೆನ್ ಸೈಕಲ್ ನಿಲ್ಲಿಸಿದ.

"ದ್ವೀಪಕ್ಕೆ ಸಂಜೆ ದೋಣಿ ಬೇಕು ಅಂತ ಸಹಿ ಹಾಕಿಸಿದ್ಯಲ್ಲ, ಆ ಕಡತ ಕೊಡ್ತೀಯಾ? ಸಭೇಲಿ ನಾನು ಎತ್ತುತ್ತೀನಿ."

ನಾವಿಬ್ಬರೂ ಎರಡು ವರ್ಷ ಮನೆಮನೆ ಅಲೆದ ಕಡತವದು.

"ಕೊಡ್ಬೇಡಿ ಬೋದಿಲ್, ಹೆಸರೆಲ್ಲ ಇವ್ರಿಗೇ ಹೋಗುತ್ತೆ," ಅಂದೆ.

"ಸುಮ್ನಿರೋ ಆಸ್ಗರ್. ದೋಣಿ ಬಂದ್ರೆ ಸಾಕು."

ಕಾರಿನಿಂದ ತೆಗೆದು ಕೊಟ್ಟೇಬಿಟ್ಟಳು. ನನಗೆ ಹೆಮ್ಮೆಯಾಯಿತು. ಅವನು ಹೊರಡುವಷ್ಟರಲ್ಲಿ, "ಒಂದ್ನಿಮಿಷ!" ಎಂದು ಓಡಿ, ಕಡತ ಇಸಿದುಕೊಂಡು, ಮೊದಲ ಪುಟದಲ್ಲಿ ತನ್ನ ಹೆಸರು ಬರೆದಳು.

"ಇಷ್ಟು ದೊಡ್ಡಕ್ಕಾ?" ಅಂದ ಪ್ರೆಬೆನ್.

"ನಿನ್ನ ಕಣ್ಣು ಮಂದ ಅಲ್ವಾ, ಅದಕ್ಕೆ."

ಹಾಗಾದರೆ ಅವಳಿಗೆ ಬೇಕಿದ್ದದ್ದು ದೋಣಿಯೋ, ಹೆಸರೋ? ಹೆಸರಿನ ಆಸೆಯಿಲ್ಲದೆ ಎರಡು ವರ್ಷ ಯಾರಾದರೂ ಅಲೆಯುತ್ತಾರೆಯೇ? ದೋಣಿಯ ಆಸೆಯಿಲ್ಲದೆ ಗೆದ್ದವನ ಕೈಗೆ ಕಡತ ಕೊಡುತ್ತಾರೆಯೇ?

ಸುಳ್ಳು ಬರೆಯಲಾರೆ. ಅವಳು ಬರೆಯುತ್ತಿದ್ದಾಗ, ಕೆಳಗೆ ಇನ್ನೊಂದು ಹೆಸರಿಗೆ ಜಾಗ ಉಳಿಯಿತೇ ಎಂದು ನಾನು ಇಣುಕಿ ನೋಡಿದೆ. ಉಳಿದಿತ್ತು. ಶಾಲೆ ಬಿಟ್ಟ ಮೇಲೆ ನನ್ನ ಹೆಸರು ಎಲ್ಲಿಯೂ ಯಾರೂ ಬರೆದಿಲ್ಲ.