ಸೋಸಿದ ನೀರು

ಅಂಕಲಿ
೮ ಸೆಪ್ಟೆಂಬರ್ ೨೦೨೪, ಭಾನುವಾರ

ಪ್ರೀತಿಯ ಸನ್ಮತಿ ದಾದಾ,

ಹೇಗಿದ್ದೀ? ಕೊಲ್ಲಾಪುರದಲ್ಲಿ ಮಳೆ ಜೋರೆಂದು ಕೇಳಿದೆ. ನಿನ್ನ ಕೆಮ್ಮು ಕಡಿಮೆಯಾಯಿತೇ? ಅಜ್ಜಿ ನಡೆದಾಡಿಕೊಂಡಿದ್ದಾಳೆ. ಇವತ್ತು ಬೆಳಿಗ್ಗೆ ಬಾವಿಕಟ್ಟೆಯ ಮೇಲೆ ನಿಂತು, ನೀರು ಸೋಸಿದ ಅರಿವೆಯನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ಅದರಲ್ಲಿ ಒಂದು ಎಳೆ ಕಸವೂ ಇರಲಿಲ್ಲ. ಆದರೂ ಎಂದಿನಂತೆ ಅರಿವೆಯನ್ನು ಮಗುಚಿ, ಸೋಸಿದ ನೀರಿನಿಂದ ತೊಳೆದು, ಕಣ್ಣಿಗೆ ಕಾಣದ ಜೀವಗಳು ತಮ್ಮ ಮನೆಗೆ ಮರಳಲಿ ಎಂದು ಆ ನೀರನ್ನು ಮೆಲ್ಲಗೆ ಬಾವಿಗೇ ಇಳಿಬಿಟ್ಟಳು. "ಎಷ್ಟ ನಿರ್ಮಳ ಐತಿ ನೋಡವಾ ನಮ್ಮ ನೀರು" ಅಂದಳು. ನಾನು ಹಗ್ಗ ಸುತ್ತಿಡತೊಡಗಿದೆ. ಕನ್ನಡ ಬಿ.ಎ. ಮಾಡಿದವಳಿಗೆ ಬಾಯಿಯೇ ಇಲ್ಲ ಎಂದು ನೀನು ಕಾಡಿಸುತ್ತಿದ್ದೆಯಲ್ಲ. ಫೋನಿನಲ್ಲಿ ನಿನ್ನ ದನಿ ಕೇಳಿದರೂ ನನ್ನ ಮಾತು ಕಟ್ಟುತ್ತದೆ, ಅದಕ್ಕೇ ಈ ಪತ್ರ.

ಪೂನಮಕ್ಕನ ಕೂಸು ಈಗ ಹುಷಾರಾಗಿದೆ. ತುಟಿಯ ನೀಲಿ ಹೋಗಿ ಬಣ್ಣ ಬಂದಿದೆ. ಬಾಣಂತನಕ್ಕೆ ಬಂದ ಅಕ್ಕನಿಗೆ ಹಾಲು ಸಾಲದೆ ಕೂಸಿಗೆ ಪುಡಿಯ ಹಾಲು ಕದಡಿ ಕುಡಿಸುತ್ತಿದ್ದೆವು. ನೀರು ನಮ್ಮ ಬಾವಿಯದೇ. ಅಜ್ಜಿಯೇ ಸೋಸಿ, ಕಾಸಿ ಕೊಡುತ್ತಿದ್ದಳು. ಚಿಕ್ಕೋಡಿಯ ಡಾಕ್ಟರು ಆ ನೀರನ್ನು ತರಿಸಿ ಪರೀಕ್ಷೆ ಮಾಡಿಸಿದರು. ಗೊಬ್ಬರದ ನೈಟ್ರೇಟ್ ಬಾವಿಗೆ ಇಳಿದಿದೆಯಂತೆ, ಕೂಸು ನೀಲಿಗಟ್ಟಿದ್ದು ಅದರಿಂದಲೇ ಅಂತೆ. ನಾವು ಕಾಸಿಯೇ ಕೊಡುತ್ತೇವಲ್ಲ ಎಂದು ನಾನು ತಡವರಿಸಿದಾಗ, "ಇದು ಅರಿವ್ಯಾಗ ನಿಲ್ಲಂಗಿಲ್ಲವಾ. ಕಾಸಿದಷ್ಟೂ ನೀರು ಬತ್ತತೈತಿ, ಇದು ಅಷ್ಟೂ ಉಳಿತೈತಿ" ಅಂದರು.

ಬಾವಿಯ ಮೇಲ್ಭಾಗದ ಗರಸು ಮಣ್ಣಿನ ಹೊಲದಲ್ಲಿ ಇರುವುದು ನಿನ್ನ ಪೈನ್ ಸಸಿಗಳು ಮಾತ್ರ. ಬಂಗಲೆ, ರಿಸಾರ್ಟಿನವರಿಗೆ ಮಾರಲೆಂದು ಅವನ್ನು ನೆಟ್ಟ ದಿನ ಅಜ್ಜಿ ಬಾವಿಯ ಬಗ್ಗೆ ಕೇಳಿದ್ದಳು. ನೀನು ಅವಳ ಕಾಲು ಮುಟ್ಟಿ, "ಬರೇ ತಿಪ್ಪಿಗೊಬ್ಬರ ಅಜ್ಜಿ, ಚೀಲದ್ದು ಒಂದ ಹಿಡಿನೂ ಹಾಕಂಗಿಲ್ಲ" ಅಂದಿದ್ದೆ. ಹೊಲ ನೋಡಿಕೊಳ್ಳುವ ಗುರಪ್ಪನನ್ನು ಕೇಳಿದೆ. ಗಿಡ ಬೇಗ ಎತ್ತರವಾಗಲೆಂದು ನೀರು ಬಿಟ್ಟಾಗಲೆಲ್ಲ ಯೂರಿಯಾ ಕಲಸಿ ಬಿಡಿಸುತ್ತಿದ್ದೆಯಂತೆ. ಎಳೆಯ ಗಿಡ ಅಷ್ಟನ್ನು ಉಣ್ಣಲಾರದು, ಮಿಕ್ಕದ್ದು ಗರಸಿನಲ್ಲಿ ನೇರ ಕೆಳಗಿಳಿಯುತ್ತದೆ. ಆಸೆಯಿಂದ ಮಾಡಿದೆ ಎಂದು ಅದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ. ಆದರೆ ಗುರಪ್ಪ ಸುಮ್ಮನಾಗಲಿಲ್ಲ. ಬೇಸಿಗೆಯಲ್ಲೇ ನೀನು ಸಸಿಗಳಿಗಾಗಿ ಬಾವಿನೀರು ಪರೀಕ್ಷೆ ಮಾಡಿಸಿದ್ದೆಯಂತೆ. "ಆಗಿಂದ ಸನ್ಮತಿ ಸಾವ್ಕಾರ್ರು ನನಗ ಅಂದಾರವಾ, ಗುರಪ್ಪ, ಈ ನೀರು ಕುಡೀಬ್ಯಾಡ, ನಿಮ್ಮ ಮನಿಯಿಂದ ತಂದ್ಕೊ ಅಂತ."

ಆಗ ನೆನಪಾಯಿತು. ಬೇಸಿಗೆಯಿಂದ ಈಚೆಗೆ ಮನೆಗೆ ಬಂದಾಗಲೆಲ್ಲ, ಹೊಟ್ಟೆ ಸರಿಯಿಲ್ಲವೆಂದು ನೀನು ಕ್ಯಾನಿನ ನೀರು ಕುಡಿಯುತ್ತಿದ್ದೆ. ಲೋಟ ತೊಳೆದು ಕೊಡುತ್ತಿದ್ದವಳು ನಾನೇ. ಕೂಸು ತಾಯಿಹಾಲನ್ನೇ ಕುಡಿಯುತ್ತದೆ ಎಂದು ನೀನು ಅಂದುಕೊಂಡಿರಬಹುದು. ಆದರೆ ಅದೇ ಪಂಗ್ತಿಯಲ್ಲಿ ಅಜ್ಜಿ ತಂಬಿಗೆ ಎತ್ತಿ ಕುಡಿಯುತ್ತಿದ್ದಳು ದಾದಾ, ನೀನು ನೋಡುತ್ತಲೇ ರೊಟ್ಟಿ ಮುರಿಯುತ್ತಿದ್ದೆ. ಕೂಸು ಆಸ್ಪತ್ರೆಯಲ್ಲಿದ್ದಾಗ ಫೋನು ಮಾಡಿದವನು ಏನೂ ಗೊತ್ತಿಲ್ಲದವನ ಹಾಗೆ ಎಲ್ಲ ಕೇಳಿಕೊಂಡೆ. ಕಡೆಗೆ, "ಬಾವಿ ಸುದ್ದಿ ಅಜ್ಜಿಗಿ ಹೇಳಬ್ಯಾಡ್ರಿ, ಆಕಿ ಜೀವಕ್ಕ ಹಚ್ಕೋತಾಳ" ಅಂದೆ. ಅಜ್ಜಿಯ ಮೇಲಿನ ಮಾಯೆ ಮಮತೆ ಅದು ಎಂದುಕೊಂಡು ನಾನು, ಅಕ್ಕ ಇಬ್ಬರೂ ಒಪ್ಪಿದೆವು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಜ್ಜಿ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾಳೆ, ತಿಳಿಸಿದ್ದೇನೆ.

ನಿನ್ನ ತಂಗಿ,
ತ್ರಿಶಲಾ

ತಾ.ಕ.: ಕೂಸಿಗೆ ಹೀಗಾದದ್ದು ತಾನು ನೀರನ್ನು ಸರಿಯಾಗಿ ಕಾಸದಿದ್ದುದಕ್ಕೇ ಎಂದು ಅಜ್ಜಿ ನಂಬಿದ್ದಾಳೆ. ಪ್ರಾಯಶ್ಚಿತ್ತವೆಂದು ತುಪ್ಪ, ಬೆಲ್ಲ ಎರಡನ್ನೂ ಬಿಟ್ಟಿದ್ದಾಳೆ. ತನ್ನ ನೀರನ್ನು ಈಗ ಮೊದಲಿಗಿಂತ ಹೆಚ್ಚು ಹೊತ್ತು ಕಾಸುತ್ತಾಳೆ. ನಾಳೆ ಬೆಳಿಗ್ಗೆ ಅವಳು ಕೊಡ ಎತ್ತುವ ಮೊದಲು ನಾನೇ ಎಲ್ಲವನ್ನೂ ಹೇಳುತ್ತೇನೆ. ಈ ಪತ್ರ ನಿನಗೆ ಮುಟ್ಟುವಷ್ಟರಲ್ಲಿ ಹೇಳಿಯಾಗಿರುತ್ತದೆ.